ಈ ಕೊಡೆಯ ಕೆಳಗೆ ನಡೆಯುವವರು

ನಮ್ಮಪ್ಪನಿಗೆ ಮೂತ್ರದ ತೊಂದರೆ ಇದೆ ಎಂದು ಪ್ರಾರ್ಥನಾ ಮಂದಿರಕ್ಕೆ ಬರುವ ಎಲ್ಲರಿಗೂ ಗೊತ್ತಿತ್ತು. ಮೊದಲ ಹಾಡು ಮುಗಿಯುತ್ತಿದ್ದಂತೆ ಕಡೆಯ ಬೆಂಚಿನಿಂದ ಮೆಲ್ಲಗೆ ಎದ್ದು ಹೋಗುವನು. ಕಡೆಯ ಹಾಡಿಗೆ ಸರಿಯಾಗಿ ಬಂದು ಕೂರುವನು. ನಲವತ್ತು ವರ್ಷ ಹೀಗೇ ನಡೆಯಿತು. ಕನಿಕರಪಟ್ಟು ಕೆಲವರು ಮನೆಮದ್ದು ಹೇಳಿದರು. ಒಬ್ಬರು ಪುಣ್ಯಾತ್ಮರು ಡಾಕ್ಟರ ವಿಳಾಸವನ್ನೇ ಬರೆದು ಜೇಬಿಗೆ ತುರುಕಿದರು. ಅಪ್ಪ ಎಲ್ಲರಿಗೂ ತಲೆಯಾಡಿಸಿ "ನೋಡ್ತೀನಿ, ನೋಡ್ತೀನಿ" ಅನ್ನುತ್ತಿದ್ದ. ಅವನಿಗೆ ಅಂಥದ್ದೇನೂ ಇರಲಿಲ್ಲ.

ಆ ಒಂದೂವರೆ ಗಂಟೆ ಅವನು ಮುಂಬಾಗಿಲ ಪಕ್ಕದ ಸಾಮಾನಿನ ಕೋಣೆಯಲ್ಲಿ ಕೂತು ಜನರ ಕೊಡೆ ರಿಪೇರಿ ಮಾಡುತ್ತಿದ್ದ.

ಒಳಗೆ ಹೋಗುವ ಮುಂಚೆ ಎಲ್ಲರೂ ತಮ್ಮ ಕೊಡೆಗಳನ್ನು ಬಾಗಿಲ ಬಳಿಯ ಮರದ ಸ್ಟ್ಯಾಂಡಿನಲ್ಲಿ ಇಡುತ್ತಿದ್ದರು. ಮಡಿಸಿಟ್ಟ ಕೊಡೆ ನೋಡಿದರೇ ಸಾಕು, ಎಲ್ಲಿ ಕಡ್ಡಿ ಮುರಿದಿದೆ, ಎಲ್ಲಿ ಬಟ್ಟೆಯ ಹೊಲಿಗೆ ಬಿಟ್ಟಿದೆ ಎಂದು ಅಪ್ಪನಿಗೆ ತಿಳಿಯುತ್ತಿತ್ತು. ಊರಿನಲ್ಲಿ ಅವನದೇ ಕೊಡೆ ರಿಪೇರಿ ಅಂಗಡಿ ಇತ್ತು. ಉಳಿದ ಆರು ದಿನ ಅಲ್ಲಿ ಕೂರುತ್ತಿದ್ದ. ಪ್ರಾರ್ಥನೆಯ ದಿನ ಮಾತ್ರ ಒಂದು ಸಣ್ಣ ಚೀಲದಲ್ಲಿ ಇಕ್ಕುಳ, ತಂತಿ, ಸೂಜಿ, ಒಂದು ಉಂಡೆ ನೀಲಿ ದಾರ. ಎರಡೋ ಮೂರೋ ಕೊಡೆ ಸರಿಮಾಡಿ, ಇದ್ದ ಜಾಗದಲ್ಲೇ ಇದ್ದ ಹಾಗೇ ವಾಪಸು ಇಟ್ಟುಬಿಡುತ್ತಿದ್ದ.

"ವಾರವೆಲ್ಲ ನಡೆಸೋ ವ್ಯಾಪಾರನ ಒಂದೇ ದಿನದಲ್ಲಿ ನೀವೇ ಕೆಡಿಸ್ತೀರಲ್ರೀ," ಎಂದು ಅಮ್ಮ ಬದುಕಿದ್ದಾಗ ಛೇಡಿಸುತ್ತಿದ್ದಳು.

"ಏನ್ ಮಾಡ್ಲಿ? ನನಗೆ ಹಾಡೋಕೆ ಬರಲ್ಲ, ಓದೋಕೆ ಬರಲ್ಲ, ನಾಲ್ಕು ಜನದ ಮುಂದೆ ಮಾತಾಡೋಕಂತೂ ಬರೋದೇ ಇಲ್ಲ. ಬರೋದು ಇದೊಂದೇ. ದೇವರಿಗೆ ಬೇರೆ ಏನು ಕೊಡ್ಲಿ?"

ನಲವತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಜನ ಕೆಟ್ಟದ್ದನ್ನು ಮರೆಯುವುದಿಲ್ಲ, ಸರಿಹೋದದ್ದನ್ನು ಗಮನಿಸುವುದಿಲ್ಲ. ಕೊಡೆ ಬಿಚ್ಚಿಕೊಂಡಿತು, ಮನೆಗೆ ಹೋದರು, ಅಷ್ಟೇ. ಮನೆಯ ಹೊರಗೆ ಗೊತ್ತಿದ್ದವನು ಒಬ್ಬನೇ, ಬಾಗಿಲು ಕಾಯುವವನು. ನಾವೆಲ್ಲ ಅವನನ್ನು ಬಾಗಿಲಣ್ಣ ಅನ್ನುತ್ತಿದ್ದೆವು. ಸಾಮಾನಿನ ಕೋಣೆಯ ಬೀಗದ ಕೈ ಅವನ ಬಳಿ ಇದ್ದುದರಿಂದ ಅಪ್ಪ ಅವನಿಗೆ ಹೇಳಲೇಬೇಕಾಯಿತು. ಹೇಳಿ, ಮಾತು ತೆಗೆದುಕೊಂಡಿದ್ದ: ಯಾರು ಏನು ಕೇಳಿದರೂ ಬಾಯಿ ಬಿಡಕೂಡದು.

ಎರಡು ವರ್ಷದ ಹಿಂದೆ ಅಪ್ಪನ ಕೈ ನಡುಗಲು ಶುರುವಾಯಿತು. ಸೂಜಿಯ ಕಣ್ಣು ಒಂದು ಕಡೆ, ದಾರದ ತುದಿ ಇನ್ನೊಂದು ಕಡೆ. ಒಂದು ಬೆಳಿಗ್ಗೆ ಚೀಲವನ್ನು ನನ್ನ ಮಡಿಲಿಗೆ ಹಾಕಿ, "ತಗೋ. ಬೇಡ ಅಂದ್ರೆ ಬೇಡ ಅನ್ನು, ನನಗೇನೂ ಬೇಜಾರಿಲ್ಲ," ಎಂದ. ಬೇಜಾರಿಲ್ಲ ಅನ್ನುವಾಗ ಅವನ ಮುಖ ನೋಡಬೇಕಿತ್ತು. ನಾನು ಒಬ್ಬಳೇ ಮಗಳು. ಮದುವೆಯಾದ ಮೇಲೂ ಅಂಗಡಿಯ ಕೆಲಸ ಬಿಟ್ಟವಳಲ್ಲ. ಇಕ್ಕುಳ ಹಿಡಿಯಲು ಕಲಿತದ್ದೂ ನಡೆಯಲು ಕಲಿತದ್ದೂ ಹೆಚ್ಚು ಕಡಿಮೆ ಒಂದೇ ವರ್ಷ. "ಆಯ್ತಪ್ಪ," ಅಂದೆ. ಅವನಿಗಾಗಿ ಅಂದೆ. ದೇವರಿಗಾಗಿ ಅಂದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಅಪ್ಪ ಹೇಳಿಕೊಟ್ಟದ್ದು ಎರಡೇ ಮಾತು. ಒಂದು: "ಮುರಿದದ್ದನ್ನ ಮಾತ್ರ ಮುಟ್ಟು. ಮಿಕ್ಕಿದ್ದು ಅವರದು."

ಎರಡನೆಯದು ಗಂಟಿನ ವಿಷಯ. ರಿಪೇರಿಯಾದ ಮೇಲೆ ಬಟ್ಟೆಯನ್ನು ಕಡ್ಡಿಗೆ ಕಟ್ಟುವಾಗ ಕೊನೆಯಲ್ಲಿ ಒಂದು ನೀಲಿ ಗಂಟು ಬೀಳುತ್ತದೆ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ, ಅದಕ್ಕೇ ನೀಲಿ. "ಗಂಟು ಬಿಗಿಯೋವಾಗ ಆ ಕೊಡೆಯವರನ್ನ ದೇವರ ಹತ್ರ ನೆನೆದುಕೋ. ಯಾರದು ಅಂತ ಗೊತ್ತಿಲ್ದಿದ್ರೆ, ಈ ಕೊಡೆಯ ಕೆಳಗೆ ನಡೆಯುವವರು ಅಂತ ಹೇಳು, ಸಾಕು. ಅವನಿಗೆ ವಿಳಾಸ ಗೊತ್ತಾಗುತ್ತೆ."

ಮೊದಲ ಕೆಲವು ತಿಂಗಳು ಹಾಗೇ ಮಾಡಿದೆ. ಬರಬರುತ್ತಾ ಕೈ ಚುರುಕಾಯಿತು, ಬಾಯಿ ನಿಂತಿತು. ಇವತ್ತು ಮೂರು, ಬರುವ ವಾರ ನಾಲ್ಕು ಎಂದು ನನ್ನೊಳಗೇ ಪಂದ್ಯ ಕಟ್ಟಿಕೊಂಡಿದ್ದೆ. ಜನ ನನಗೂ ಅಪ್ಪನ ಕಾಯಿಲೆಯೇ ಬಂದಿದೆ, ವಂಶದ್ದಿರಬೇಕು ಎಂದು ಮಾತಾಡಿಕೊಂಡರು. ನನ್ನ ಗಂಡ ಅದನ್ನು ಕೇಳಿ ಮೂರು ದಿನ ನಕ್ಕ.

ಇನ್ನು ಖಾರದಜ್ಜಿಯ ವಿಷಯ. ಎಂಬತ್ತು ದಾಟಿದ ಹೆಂಗಸು, ಕಡ್ಡಿಯಂಥ ಮೈ, ಮೆಣಸಿನಕಾಯಿಯಂಥ ನಾಲಿಗೆ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಗಂಡ ಹೋಗಿ ಆರು ವರ್ಷ. ಮಳೆ ಇರಲಿ, ಬಿಸಿಲಿರಲಿ, ಏನೂ ಇಲ್ಲದೆ ಇರಲಿ, ಗಂಡನ ಹಳೇ ದೊಡ್ಡ ಕೊಡೆ ಹಿಡಿದೇ ಬರುತ್ತಿದ್ದಳು. ಆ ದಿನ ಅದರ ಒಂದು ಕಡ್ಡಿ ಬಾಗಿತ್ತು. ಹತ್ತು ನಿಮಿಷದ ಕೆಲಸ. ಮುಗಿಸಿ ಗಂಟು ಹಾಕಿದೆ. ಒಳಗೆ ಇನ್ನೂ ಮೂರನೇ ಹಾಡು ನಡೆಯುತ್ತಿತ್ತು. ಬೇರೆ ಯಾವ ಕೊಡೆಗೂ ಗಾಯವಿರಲಿಲ್ಲ. ಕೈ ಸುಮ್ಮನಿರಲಿಲ್ಲ. ಕೊಡೆಯ ಮರದ ಹಿಡಿ ನೋಡಿದೆ. ಬಣ್ಣ ಹೋಗಿ ಕೊಳೆ ಕೂತಿತ್ತು, ಮೇಲುಗಡೆ ಒಂದು ಕಡೆ ಯಾರೋ ಚಮಚದಲ್ಲಿ ತೋಡಿದ ಹಾಗೆ ತಗ್ಗು. ಪಾಪ ಅಜ್ಜಿ, ಇಂಥದ್ದು ಹಿಡಿದು ಓಡಾಡುತ್ತಾಳಲ್ಲ ಅನ್ನಿಸಿತು. ಚೀಲದಲ್ಲಿ ಉಪ್ಪುಕಾಗದವಿತ್ತು, ಪಾಲಿಷ್ ಇತ್ತು. ಉಜ್ಜಿದೆ. ತಗ್ಗು ಮಾಯವಾಗುವ ತನಕ ಉಜ್ಜಿದೆ. ಎರಡು ಕೈ ಪಾಲಿಷ್ ಎಳೆದು, ಕಿಟಕಿಯ ಬಳಿ ಗಾಳಿಗೆ ಹಿಡಿದೆ. ಕನ್ನಡಿಯ ಹಾಗೆ ಹೊಳೆಯಿತು. ಅಪ್ಪ ನಲವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಮಾಡಿಲ್ಲ ಎಂದುಕೊಂಡು ಸ್ಟ್ಯಾಂಡಿಗೆ ಇಟ್ಟೆ. ಅದೂ ನಿಜ ಹೇಳಬೇಕು, ಹಾಗೆ ಅಂದುಕೊಂಡೆ.

ಪ್ರಾರ್ಥನೆ ಮುಗಿದು ಜನ ಹೊರಗೆ ಬಂದರು. ಖಾರದಜ್ಜಿ ಕೊಡೆ ಎತ್ತಿಕೊಂಡಳು. ಒಂದು ಹೆಜ್ಜೆ ಇಟ್ಟು ನಿಂತಳು. ಹಿಡಿಯ ಮೇಲೆ ಹೆಬ್ಬೆರಳನ್ನು ಆ ಕಡೆ ಈ ಕಡೆ ಆಡಿಸಿದಳು.

"ಇದು ನನ್ನದಲ್ಲ."

"ನಿಮ್ಮದೇ ಅಜ್ಜಿ, ನೀವು ಇಟ್ಟ ಜಾಗದಲ್ಲೇ ಇದೆ," ಎಂದ ಬಾಗಿಲಣ್ಣ.

"ನನ್ನ ಕಣ್ಣು ಮಂದ ಆಗಿರಬಹುದು, ಬೆರಳು ಮಂದ ಆಗಿಲ್ಲ. ನಮ್ಮ ಯಜಮಾನರ ಹೆಬ್ಬೆರಳು ಕೂತು ಕೂತು ಇಲ್ಲೊಂದು ಗುಳಿ ಬಿದ್ದಿತ್ತು. ಐವತ್ತು ವರ್ಷದ ಗುಳಿ! ನಾನು ದಿನಾ ಅದರೊಳಗೆ ಬೆರಳಿಟ್ಕೊಂಡು ನಡೆಯೋದು. ಎಲ್ಲಿ ಅದು? ಹೊಸಾದು ತಂದಿಟ್ಟು ನಂದು ಎತ್ತಿದ್ದೀಯ?"

"ನಾನ್ಯಾಕೆ ಎತ್ತಲಿ ಅಜ್ಜಿ?"

"ಛತ್ರಿ ಕದ್ದ ಛತ್ರಿ ನೀನು! ಬಾಗಿಲು ಕಾಯೋನೇ ಬಾಗಿಲು ನುಂಗಿದ್ರೆ ಯಾರಿಗೆ ಹೇಳೋದು?"

ಜನ ಸುತ್ತ ಸೇರಿದರು. ಮಂದಿರದ ಹಿರಿಯರು ಬಂದರು. ಬಾಗಿಲಣ್ಣನ ಕಣ್ಣು ಗುಂಪಿನಲ್ಲಿ ಒಂದು ಸಲ ನನ್ನ ಕಡೆ ಬಂತು. ಬಂದದ್ದೇ ನೆಲಕ್ಕೆ ಇಳಿಯಿತು. "ನನಗೆ ಗೊತ್ತಿಲ್ಲ ಸ್ವಾಮಿ," ಎಂದ. ಹಿರಿಯರು ಬಹಳ ಹೊತ್ತು ಯೋಚಿಸಿ, ಮುಂದಿನ ವಾರದೊಳಗೆ ಅಜ್ಜಿಯ ಕೊಡೆ ಸಿಗಬೇಕು, ಇಲ್ಲದಿದ್ದರೆ ಬೀಗದ ಕೈ ಒಪ್ಪಿಸಿಬಿಡು ಎಂದರು.

ನನ್ನ ಉಗುರಿನ ಸಂದಿಯಲ್ಲಿ ಪಾಲಿಷ್ ಇನ್ನೂ ಒಣಗಿರಲಿಲ್ಲ. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದೆ.

ಅಪ್ಪ ಆ ದಿನ ಮಂದಿರಕ್ಕೆ ಬಂದಿರಲಿಲ್ಲ. ಮೊದಲು ಅವನ ಊಟ ಮುಗಿಯಲಿ ಎಂದು ಬಡಿಸಿದೆ. ಆಮೇಲೆ ಹೇಳಿದೆ. ಅವನು ಉಪ್ಪುಕಾಗದದ ಮಾತು ಬಂದಾಗ ಒಮ್ಮೆ ಕಣ್ಣು ಮುಚ್ಚಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಜ್ಜಿ ಮನೆಗೇ ಹೋಗಿ ಹೇಳಿಬಿಡ್ಲಾ ಅಪ್ಪ? ಕಾಲಿಗೆ ಬೀಳ್ತೀನಿ. ಯಾರಿಗೂ ಹೇಳಬೇಡಿ ಅಂತ ಕೇಳ್ಕೋತೀನಿ. ನಿನ್ನ ಗುಟ್ಟೂ ಉಳಿಯುತ್ತೆ."

"ಅವನ ಮರ್ಯಾದೆ ಎಲ್ಲಿ ಹೋಯ್ತು?"

"ಯಾರದು?"

"ಬಾಗಿಲು ಕಾಯೋನದು. ಎಲ್ಲರ ಎದುರು ಹೋಯ್ತಲ್ವಾ? ಎಲ್ಲರ ಎದುರೇ ವಾಪಸು ಬರಬೇಕು."

"ನಲವತ್ತು ವರ್ಷ ಮುಚ್ಚಿಟ್ಟಿದ್ದು ಅಪ್ಪ..."

"ಮುಚ್ಚಿಟ್ಟಿದ್ದು ದೇವರಿಗೋಸ್ಕರ. ನಮ್ಮ ಮುಖ ಉಳಿಸ್ಕೊಳ್ಳೋಕಲ್ಲ." ಎದ್ದು ನಿಂತು, "ನಾನೂ ಬರ್ತೀನಿ," ಎಂದ.

ಸಂಜೆ ಬಾಗಿಲಣ್ಣನ ಮನೆಗೆ ಹೋದೆ. ಅವನು ಜಗಲಿಯ ಮೇಲೆ ಕೂತು ಮಂದಿರದ ಬೀಗದ ಕೈಗಳನ್ನು ಒಂದೊಂದಾಗಿ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದ.

"ಒಪ್ಪಿಸೋವಾಗ ತುಕ್ಕು ಹಿಡಿದಿತ್ತು ಅನ್ನಬಾರದು ನೋಡು," ಎಂದ.

"ಯಾಕಣ್ಣ ಬಾಯಿ ಬಿಡಲಿಲ್ಲ?"

"ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೀನಲ್ಲಮ್ಮ." ಆಮೇಲೆ ಮೆಲ್ಲಗೆ, "ಆದ್ರೂ ತಾಯಿ, ಅಷ್ಟು ಹೊಳೆಯೋ ಹಾಗೆ ಉಜ್ಜಬೇಕಿತ್ತಾ?" ಎಂದು ನಕ್ಕ. ನನಗೆ ಅಳು ಬಂತು.

ಆ ವಾರ ಹೇಗೆ ಕಳೆಯಿತು ಎಂದು ಕೇಳಬೇಡಿ. ಅಂಗಡಿಯಲ್ಲಿ ಒಂದೇ ಕೊಡೆಗೆ ಎರಡು ಸಲ ತಪ್ಪು ಬಟ್ಟೆ ಕತ್ತರಿಸಿದೆ.

ಪ್ರಾರ್ಥನೆಯ ದಿನ ನಾನು ಸಾಮಾನಿನ ಕೋಣೆಗೆ ಹೋಗಲಿಲ್ಲ. ಚೀಲ ಕೈಗೆ ಬಂದ ಮೇಲೆ ಮೊದಲ ಸಲ ಪೂರ್ತಿ ಪ್ರಾರ್ಥನೆಗೆ ಕೂತೆ. ಒಂದು ಮಾತೂ ಕಿವಿಗೆ ಬೀಳಲಿಲ್ಲ. ಮುಗಿದ ಮೇಲೆ ಎಲ್ಲರೂ ಮುಂಬಾಗಿಲ ಹತ್ತಿರ ನಿಂತರು. ಖಾರದಜ್ಜಿ ಆ ಹೊಳೆಯುವ ಹಿಡಿಯ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದಿದ್ದಳು, ಹಿಡಿಯನ್ನು ಕೈಯಲ್ಲಿ ಮುಟ್ಟದೆ. ಹಿರಿಯರು ಬಾಗಿಲಣ್ಣನ ಕಡೆ ತಿರುಗುವ ಮುಂಚೆ ನಾನು ಮುಂದೆ ಬಂದೆ.

"ಅಜ್ಜಿ, ಅದು ನಿಮ್ಮದೇ ಕೊಡೆ. ಆ ಗುಳಿ ಉಜ್ಜಿ ಹಾಕಿದವಳು ನಾನು. ಬಾಗಿಲಣ್ಣನ ತಪ್ಪು ಏನೂ ಇಲ್ಲ."

ಸಾಮಾನಿನ ಕೋಣೆ, ಚೀಲ, ಇಕ್ಕುಳ ಎಲ್ಲ ಹೇಳಿದೆ. ಜನ ಅಪ್ಪನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಹಿಂದಿನಿಂದ ಯಾರೋ, "ಹಾಗಾದ್ರೆ ಮೂತ್ರದ ತೊಂದರೆ?" ಎಂದು ಕೇಳಿ, ಹೆಂಡತಿಯ ಕೈಯಲ್ಲಿ ತಿವಿಸಿಕೊಂಡರು.

ಅಜ್ಜಿ ಮಾತ್ರ ನಂಬಲಿಲ್ಲ. "ಕಥೆ ಚೆನ್ನಾಗಿದೆ. ಇವನನ್ನ ಉಳಿಸೋಕೆ ನೀನು ಕಟ್ಟಿದ್ದು. ನನ್ನ ಕೊಡೆ ಅಂತ ಏನು ಗ್ಯಾರಂಟಿ?"

ಆಗ ಅಪ್ಪ ಬಾಗಿಲ ಪಕ್ಕದ ಬೆಂಚಿನಿಂದ ಎದ್ದು ಬಂದ. ನಾಲ್ಕು ಜನದ ಮುಂದೆ ಮಾತಾಡಲು ಬಾರದ ಮನುಷ್ಯ. ಕೊಡೆಗೆ ಕೈ ಚಾಚಿದ. ಅಜ್ಜಿಗೆ ಏನನ್ನಿಸಿತೋ, ಕೊಟ್ಟಳು. ಅವನು ಅದನ್ನು ಬಿಚ್ಚಿ, ತಲೆಕೆಳಗಾಗಿ ಬೆಂಚಿನ ಮೇಲೆ ನಿಲ್ಲಿಸಿ, ಒಳಗೆ ನಡುಗುವ ಬೆರಳಿನಿಂದ ಕಡ್ಡಿಗಳನ್ನು ತಡವಿದ. ಅಲ್ಲಲ್ಲಿ ಎಳ್ಳಿನಷ್ಟು ದಪ್ಪದ ನೀಲಿ ಗಂಟುಗಳು. ಯಾರೂ ಕೊಡೆಯ ಒಳಗೆ ಅಷ್ಟು ಹತ್ತಿರದಿಂದ ನೋಡುವುದಿಲ್ಲ.

"ಇದು ಮೊದಲನೇದು," ಎಂದ. "ಗಾಳಿಗೆ ಮಗುಚಿಕೊಂಡಿತ್ತು. ನೀವಿಬ್ಬರೂ ನೆನೆದು ತೊಪ್ಪೆಯಾಗಿ ಬಂದಿದ್ರಿ, ನಗ್ತಾ ಬಂದಿದ್ರಿ. ನಿಮ್ಮ ಮಗಳು ಹೊಟ್ಟೇಲಿದ್ಳು."

ಅಜ್ಜಿ ಒಂದು ಹೆಜ್ಜೆ ಹತ್ತಿರ ಬಂದಳು.

"ಇದು ನಾಲ್ಕನೇದು. ಯಜಮಾನರು ಕೊಡೇನೇ ಊರುಗೋಲು ಮಾಡ್ಕೊಂಡ ವರ್ಷ. ತುದಿ ಸವೆದುಹೋಗಿತ್ತು." ಬೆರಳು ಮುಂದೆ ಸರಿಯಿತು. "ಇದು ಒಂಬತ್ತನೇದು. ಅವರು ಬರಲಿಲ್ಲ, ನೀವೊಬ್ಬರೇ ಬಂದಿದ್ರಿ. ಆಸ್ಪತ್ರೆ ವಾಸನೆ ಬರ್ತಿತ್ತು ಬಟ್ಟೆಯಿಂದ."

"ಗಂಟು ಹಾಕುವಾಗ ಅಪ್ಪ ಕೊಡೆಯವರಿಗಾಗಿ ಬೇಡ್ಕೋತಾನೆ ಅಜ್ಜಿ," ಎಂದೆ ನಾನು. ಅವನು ಅದನ್ನು ತಾನಾಗಿ ಹೇಳುವವನಲ್ಲ ಎಂದು ನನಗೆ ಗೊತ್ತಿತ್ತು.

ಅಜ್ಜಿ ಬೆಂಚಿನ ಮೇಲೆ ಕೂತಳು. ಒಂಬತ್ತನೇ ಗಂಟಿನ ಮೇಲೆ ಬೆರಳಿಟ್ಟಳು. "ಆ ಸಲ ಏನಂತ ಬೇಡ್ಕೊಂಡಿದ್ರಿ?"

"ಈ ಕೊಡೆಯ ಕೆಳಗೆ ನಡೆಯುವವರನ್ನ ಒಂಟಿ ಮಾಡಬೇಡ ಅಂತ."

"ಮಾಡಿಬಿಟ್ಟನಲ್ಲ."

"ಹೌದಮ್ಮ, ಮಾಡಿಬಿಟ್ಟ. ಹತ್ತನೇ ಗಂಟಲ್ಲಿ ಅದನ್ನೂ ಕೇಳಿದೀನಿ ಅವನನ್ನ, ಯಾಕೆ ಹೀಗೆ ಮಾಡಿದೆ ಅಂತ."

ಖಾರದಜ್ಜಿ ಮೂಗೊರೆಸಿಕೊಂಡು, ಒಂದೊಂದೇ ಗಂಟು ಎಣಿಸಿದಳು. ಹನ್ನೆರಡಕ್ಕೆ ನಿಂತಳು. ಆ ಗಂಟು ಉಳಿದವುಗಳಿಗಿಂತ ಹೊಸದು, ಬಣ್ಣ ಮಾಸಿರಲಿಲ್ಲ.

"ಇದು ಯಾರದು?"

"ನನ್ನದು ಅಜ್ಜಿ. ಹೋದ ವಾರದ್ದು."

"ನೀನೇನು ಬೇಡ್ಕೊಂಡೆ?"

ಜನ ನೋಡುತ್ತಿದ್ದರು. ಅಪ್ಪ ನೋಡುತ್ತಿದ್ದ. ಒಂದು ಒಳ್ಳೆಯ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನಿಮ್ಮ ಆಯಸ್ಸು, ಆರೋಗ್ಯ ಎಂದು ಏನಾದರೂ ಹೇಳಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ಹಿಡಿ ಉಜ್ಜಿದ್ದನ್ನು ಒಪ್ಪಿಕೊಳ್ಳುವುದು ಇದರ ಮುಂದೆ ಸುಲಭವಾಗಿತ್ತು.

"ಏನೂ ಇಲ್ಲ ಅಜ್ಜಿ," ಎಂದೆ. "ಬರೀ ಗಂಟು. ಎಷ್ಟೋ ತಿಂಗಳಿಂದ ಬರೀ ಗಂಟೇ ಹಾಕ್ತಿದ್ದೀನಿ."

ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ.

ಖಾರದಜ್ಜಿ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಈಗ ಬಂತು ಖಾರ ಎಂದುಕೊಂಡೆ. ಆಕೆ ಕೊಡೆಯನ್ನು ನನ್ನ ಕಡೆ ತಳ್ಳಿದಳು.

"ಹಾಗಾದ್ರೆ ಬಿಚ್ಚು. ಬಿಚ್ಚಿ ಮತ್ತೆ ಹಾಕು."

ಚೀಲ ತಂದೆ. ಹಳೆಯ ಗಂಟು ಬಿಚ್ಚಿದೆ. ಸೂಜಿಗೆ ಹೊಸ ದಾರ ಪೋಣಿಸಿದೆ. ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಅದು ಆ ಕೊಡೆಯದು. ಬಿಗಿದು ಮುಗಿದಾಗ ನನಗೆ ತಿಳಿದದ್ದು ಇಷ್ಟೇ: ಇಲ್ಲಿಯ ತನಕ ಈ ಚೀಲ ಅಪ್ಪನದಾಗಿತ್ತು.

ಅಜ್ಜಿ ಎದ್ದು ಬಾಗಿಲಣ್ಣನ ಮುಂದೆ ನಿಂತಳು. "ನಾನು ಛತ್ರಿ ಅಂದೆನಲ್ಲ, ವಾಪಸು ತಗೊಂಡೆ."

"ಛತ್ರಿ ನಿಮ್ಮ ಕೈಯಲ್ಲೇ ಇದೆಯಲ್ಲ ಅಜ್ಜಿ," ಎಂದ ಅವನು. ಆಕೆ ನಕ್ಕು ಅವನ ಬೆನ್ನಿಗೊಂದು ಗುದ್ದಿದಳು. ಹಿರಿಯರು ಬೀಗದ ಕೈ ಮಾತೇ ಎತ್ತದೆ, ಅವನ ಎರಡೂ ಕೈ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಯಾರೋ ಅಪ್ಪನಿಗೆ ಸನ್ಮಾನ ಮಾಡಬೇಕು, ಹಾರ ತರಿಸಬೇಕು ಎಂದರು. ಅಪ್ಪನ ಬಣ್ಣವೇ ಇಳಿಯಿತು.

"ನನಗೆ ಸ್ವಲ್ಪ ಅರ್ಜೆಂಟು," ಎಂದು ಹಿತ್ತಲ ಕಡೆ ನಡೆದುಬಿಟ್ಟ.

ಮುಂದಿನ ವಾರ ಸ್ಟ್ಯಾಂಡಿನಲ್ಲಿ ಹದಿನೇಳು ಮುರಿದ ಕೊಡೆಗಳಿದ್ದವು. ಅಟ್ಟದ ಮೇಲಿನ ಇಲಿ ಕಡಿದವನ್ನೂ ಇಳಿಸಿ ತಂದಿದ್ದರು. "ನಂದು ಮೊದಲು ನೋಡಮ್ಮ" ಎಂದು ಕಿವಿಯಲ್ಲಿ ಹೇಳಿ ಒಳಗೆ ಹೋದವರು ಐದು ಜನ. ನಾನು ಕೋಪದಿಂದ ಮನೆಗೆ ಬಂದು ಚೀಲ ಮೂಲೆಗೆಸೆದೆ.

"ಗುಟ್ಟು ಹೋಯ್ತು ಅಂತ ಕೊಡೆ ಮುರಿಯೋದು ನಿಲ್ಲುತ್ತಾ?" ಎಂದ ಅಪ್ಪ.

ಅದನ್ನು ನಿಭಾಯಿಸಿದವಳು ಖಾರದಜ್ಜಿ. ಅದರ ಮುಂದಿನ ವಾರ ಮೊದಲ ಹಾಡು ಮುಗಿಯುತ್ತಲೇ ಎದ್ದು ಬಂದು ಸಾಮಾನಿನ ಕೋಣೆಯಲ್ಲಿ ಸ್ಟೂಲು ಎಳೆದುಕೊಂಡು ಕೂತಳು. "ಬಟ್ಟೆ ಹಿಡ್ಕೋತೀನಿ. ಎಳೆಯೋದು ಬಿಡೋದು ಹೇಳು." ಬಾಗಿಲಲ್ಲಿ ಯಾರಾದರೂ ಇಣುಕಿದರೆ, "ಪ್ರಾರ್ಥನೆ ಒಳಗಿದೆ, ಇಲ್ಲಲ್ಲ!" ಎಂದು ಗದರುವಳು. ಎರಡು ತಿಂಗಳಲ್ಲಿ ಜನಕ್ಕೆ ನಾವು ಅಭ್ಯಾಸವಾದೆವು. ಅಭ್ಯಾಸವಾದದ್ದನ್ನು ಜನ ನೋಡುವುದಿಲ್ಲ. ಗುಟ್ಟು ಹೆಚ್ಚು ಕಡಿಮೆ ವಾಪಸು ಬಂತು. ಅಜ್ಜಿಗೂ ಮೂತ್ರದ ತೊಂದರೆ ಎಂದು ಈಗ ಹೊಸದಾಗಿ ಬಂದವರು ತಿಳಿದಿದ್ದಾರೆ.

"ಆ ಗುಳಿ ಮತ್ತೆ ಬೀಳೋಕೆ ಎಷ್ಟು ವರ್ಷ ಬೇಕು?" ಎಂದು ಒಮ್ಮೆ ಹಿಡಿಯನ್ನು ಸವರುತ್ತಾ ಕೇಳಿದಳು.

"ಒತ್ತಿ ಹಿಡಿದರೆ ಇಪ್ಪತ್ತು."

"ಹಾಗಾದ್ರೆ ನೂರು ದಾಟಬೇಕು ನಾನು. ನಿನ್ನಿಂದ ಎಂಥಾ ಶಿಕ್ಷೆ ನೋಡು."

ಈಗ ಅಪ್ಪ ಎದ್ದು ಓಡಾಡುವುದಿಲ್ಲ. ಹಾಸಿಗೆ ಕಿಟಕಿಯ ಪಕ್ಕಕ್ಕೆ ಹಾಕಿದ್ದೇನೆ. ಅವನ ಸ್ವಂತ ಕೊಡೆ ಸದಾ ಹರಿದದ್ದೇ. ತನ್ನದಕ್ಕೆ ಎಂದೂ ಸೂಜಿ ಹಾಕಿದವನಲ್ಲ. ಹೋದ ವಾರ ಮಳೆ ಬಂತೆಂದು ಅದನ್ನೇ ಹಿಡಿದು ಪ್ರಾರ್ಥನೆಗೆ ಹೋದೆ. ಕೆಲಸದಲ್ಲಿ ಮುಳುಗಿದ್ದವಳು ಅದನ್ನು ಮರೆತೇಬಿಟ್ಟಿದ್ದೆ. ಮನೆಗೆ ಬರುವಾಗ ಬಿಚ್ಚಿದರೆ, ತಲೆಯ ಮೇಲೆ ನೀರು ತೊಟ್ಟಿಕ್ಕುವ ಜಾಗದಿಂದ ತೊಟ್ಟಿಕ್ಕಲಿಲ್ಲ.

ಕೊಡೆಯನ್ನು ಅಪ್ಪನ ಹಾಸಿಗೆಯ ಮೇಲೆ ಬಿಚ್ಚಿ ಹಿಡಿದೆ. ಅವನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೆರಳಿನಲ್ಲಿ ಕಡ್ಡಿಗಳನ್ನು ತಡವುತ್ತಾ ಹೋದ. ಒಂದು ಕಡೆ ನಿಂತ. ದಾರ ಅಲ್ಲಿ ಕಡಲೆಕಾಳಿನಷ್ಟು ದಪ್ಪಗೆ ಸಿಕ್ಕುಸಿಕ್ಕಾಗಿ ಕೂತಿತ್ತು.

"ಇದ್ಯಾರ ಗಂಟು? ಇಷ್ಟು ಕೆಟ್ಟದಾಗಿ ನಾನು ನಿನಗೆ ಹೇಳಿಕೊಟ್ಟಿಲ್ಲ."

"ನಂದಲ್ಲಪ್ಪ. ಖಾರದಜ್ಜಿದು ಇರಬೇಕು. ಹಿಂದೆ ಕೂತು ಏನೋ ಗೊಣಗ್ತಿದ್ಳು, ಬೈತಿದ್ದಾಳೆ ಅಂದ್ಕೊಂಡೆ." ನಾನು ಕತ್ತರಿಗೆ ಕೈ ಹಾಕಿದೆ. "ಇರು, ಬಿಚ್ಚಿ ಸರಿಯಾಗಿ ಕಟ್ತೀನಿ."

ಅಪ್ಪ ಆ ಗಂಟನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಇದ್ದ. ಕೈಯ ನಡುಕಕ್ಕೆ ಇಡೀ ಕೊಡೆ ಸಣ್ಣಗೆ ಅದುರುತ್ತಿತ್ತು.

"ಬಿಚ್ಚಬೇಡ," ಎಂದ.